ಆಸಿಡ್ ಬಾಟಲಿಯ ಪರಾಕ್ರಮ

ನಿವೃತ್ತನಾದ ಮನುಷ್ಯನ ಕೈಗೆ ಆಸಿಡ್ ಬಾಟಲಿ ಕೊಡಬಾರದು. ಬ್ಯಾಂಕಿನಲ್ಲಿ ಜೀವಮಾನವಿಡೀ ಲೆಕ್ಕ ತಾಳೆ ನೋಡಿದವನಿಗೆ ಮನೆಯ ಆವಾರವೂ ಬಾಕಿ ಉಳಿದ ಖಾತೆಯ ಹಾಗೆ ಕಾಣುತ್ತದೆ. ಇವತ್ತೇ ಚುಕ್ತಾ ಆಗಬೇಕು.

ನಮ್ಮದು ಪುಣೆಯ ಎರಂಡವಣೆಯಲ್ಲಿ ಹಳೆಯ ಮನೆ. ರಸ್ತೆ ಕಡೆ ಸುಣ್ಣದ ಗಾರೆಯಲ್ಲಿ ಕಟ್ಟಿದ ಕರಿಕಲ್ಲಿನ ಗೋಡೆ, ನಡುವೆ ಕಬ್ಬಿಣದ ಗೇಟು, ಪಕ್ಕಕ್ಕೆ ಸಾಗವಾನಿಯ ಚಿಕ್ಕ ಗೇಟು, ಹಿತ್ತಿಲಿಗೆ ತಂತಿಯ ಜಾಳಿ. ಇಲ್ಲಿಯ ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ ಸುರಿದು ಮುಗಿಯುತ್ತದೆ. ಗೋಡೆ ಹಸಿರಾಗಲು ಅಷ್ಟು ಸಾಕು. ಆ ಪಾಚಿ ಒಣಗಿ ಕಪ್ಪಗೆ ಕೂತಿತ್ತು. ಜಾಳಿ ಮಂಕಾಗಿ ಬೂದಿಬಣ್ಣಕ್ಕೆ ತಿರುಗಿತ್ತು, ಸಾಗವಾನಿ ಬಿಳಿಚಿಕೊಂಡಿತ್ತು. ದೀಪಾವಳಿ ಹತ್ತಿರ ಬಂದಿತ್ತು. ನನ್ನ ಕಣ್ಣಿಗೆ ಎಲ್ಲವೂ ಕೊಳೆಯೇ.

ಬಚ್ಚಲು ತಿಕ್ಕುವ ಆಸಿಡ್ಡನ್ನು ನೀರಿಗೆ ಬೆರೆಸಿ ಗೋಡೆಗೆ ಎರಚಿದೆ. ಬುರುಬುರು ನೊರೆ ಬಂತು. ಕೊಳೆ ಸಾಯುತ್ತಿದೆ ಎಂದು ಹಿಗ್ಗಿದೆ. ದಖ್ಖನ್ನಿನ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ನನ್ನ ಬಕೆಟ್ಟು ಅದಕ್ಕೆ ಯಾವ ಲೆಕ್ಕ? ಕರಗುತ್ತಿದ್ದುದು ಸಂದಿನ ಸುಣ್ಣ. ಮುಂದಿನ ಮಳೆಗಾಲ ಕಳೆದ ಮೇಲೆ ಗಾರೆ ಉದುರಿ, ಕಲ್ಲಿನ ನಡುವೆ ಬೆರಳು ತೂರುವಂತಾಯಿತು. ನೋಡಲು ಬಂದ ವಿಜಯಪುರ ಕಡೆಯ ಗವಂಡಿ, “ಕಲ್ಲ ತೊಳದೀರಿ ಖರೆ ಸಾಹೇಬ್ರ, ಕಲ್ಲ ಹಿಡಕೊಂಡಿದ್ದನ್ನೂ ತೊಳದೀರಲ್ಲರಿ” ಅಂದ. ಸಿಮೆಂಟು ತುಂಬಿಬಿಡು ಅಂದರೆ ಕೇಳಲಿಲ್ಲ. “ಒಳಗಿನ ನೀರು ಹೊರಗ ಬರೂದು ಹ್ಯಾಂಗ್ರಿ?” ಸುಣ್ಣ, ಮರಳು ಕಲಸಿಯೇ ಸಂದು ತುಂಬಿದ, ಒಣಗಿ ಬಿರಿಯದಂತೆ ಒದ್ದೆ ಗೋಣಿ ಹೊದಿಸಿಟ್ಟ. ಪಾಚಿಗೆ ಬೇಕಾಗಿದ್ದುದು ನೀರು, ನಾರಿನ ಬ್ರಷ್ಷು, ಗೋಡೆಗೆ ಬಿಸಿಲು ಬೀಳುವಂತೆ ಬೋಗನ್‌ವಿಲ್ಲಾ ಕತ್ತರಿಸುವುದು, ಇಷ್ಟೇ.

ಜಾಳಿಯ ಕತೆ ಇನ್ನೂ ಕೆಟ್ಟದ್ದು. ಉಳಿದ ಆಸಿಡ್ಡನ್ನು ಅದಕ್ಕೂ ಸವರಿದ್ದೆ. ಅಲ್ಲೂ ಗುಳ್ಳೆಗಳೆದ್ದವು, ತಂತಿ ಕ್ಷಣಹೊತ್ತು ಹೊಳೆಯಿತು. ಬೆಂಗಳೂರಿನ ಮಗಳಿಗೆ ಫೋಟೊ ಕೂಡ ಕಳಿಸಿದೆ. ಆ ಕಬ್ಬಿಣದ ಮೇಲೆ ಸತುವಿನ ಲೇಪ ಇರುತ್ತದೆ. ಗಾಳಿ, ತೇವ ತಾಗಿದ ಸತು ತನ್ನ ಮೇಲೆ ತಾನೇ ಬೂದಿಬಣ್ಣದ ತೆಳು ಪದರ ಕಟ್ಟಿಕೊಳ್ಳುತ್ತದೆ. ಒಳಗಿನದನ್ನು ಕಾಯುವುದು ಅದೇ. ಎಲ್ಲೋ ಗೀರು ಬಿದ್ದರೂ ಕಬ್ಬಿಣಕ್ಕಿಂತ ಮೊದಲು ಸತುವೇ ಸವೆಯುತ್ತದೆ. ನಾನು ಮಂಕು ಎಂದು ತೆಗೆದದ್ದು ಅದರ ಕವಚವನ್ನು. ತಪ್ಪು ಮುಚ್ಚಲು ರವಿವಾರ ಪೇಠೆಯ ಬೋಹರಿ ಆಳಿಯಿಂದ ಹಸಿರು ಎನಾಮೆಲ್ ತಂದು ನೇರವಾಗಿ ಬಳಿದೆ. ಸತು ಅಲ್ಲಲ್ಲಿ ಉಳಿದಿತ್ತು, ಆದರೆ ಎಣ್ಣೆಬಣ್ಣಕ್ಕೂ ಸತುವಿಗೂ ಆಗಿಬರುವುದಿಲ್ಲ: ನಡುವೆ ಸಾಬೂನಿನಂಥ ಪದರ ಹುಟ್ಟಿ ಬಣ್ಣ ಹಿಡಿತ ಕಳೆದುಕೊಳ್ಳುತ್ತದೆ. ಸತುವಿಗೆಂದೇ ಇರುವ ಪ್ರೈಮರ್ ಮೊದಲು ಬೇಕಿತ್ತು. ಉಗುರಿನಿಂದ ಎಳೆದರೆ ಪಟ್ಟಿಪಟ್ಟಿಯಾಗಿ ಕಿತ್ತು ಬರುತ್ತಿತ್ತು, ಕೆಳಗೆ ತುಕ್ಕು. ಅಸಲಿಗೆ ಆ ಜಾಳಿಗೆ ಸೋಪಿನ ನೀರಿಗಿಂತ ಹೆಚ್ಚೇನೂ ಬೇಕಿರಲಿಲ್ಲ. ಈಗ ಸತುವಿನ ಪುಡಿ ಹೆಚ್ಚಿರುವ ಬಣ್ಣವನ್ನು ತುಕ್ಕು ಕೆರೆದ ಜಾಗಕ್ಕೆ ಹಚ್ಚುತ್ತಿದ್ದೇನೆ. ನೀರಿನ ನಲ್ಲಿ ಇರುವ ಮೂಲೆಯಲ್ಲಿ ಮಾತ್ರ ತಂತಿಯೇ ಮುರಿಯುತ್ತದೆ, ಅಲ್ಲಿ ಹೊಸ ಜಾಳಿಯೇ ಗತಿ.

ಕಬ್ಬಿಣದ ಗೇಟು ಬಚಾವಾಯಿತು, ಬಾಟಲಿ ಖಾಲಿಯಾಗಿತ್ತಲ್ಲ! ಅದಕ್ಕೆ ತಂತಿ ಬ್ರಷ್ಷು, ಪಾಲಿಶ್ ಪೇಪರು, ಕೆರೆದ ದಿನವೇ ರೆಡ್ ಆಕ್ಸೈಡ್, ಮೇಲೆ ಎರಡು ಕೈ ಬಣ್ಣ. ಟೊಳ್ಳು ಪೈಪಿನ ತಳದಲ್ಲಿ ನೀರು ಇಳಿಯುವ ತೂತು ಮುಚ್ಚಿಹೋಗಿತ್ತು; ತುಕ್ಕು ಒಳಗಿನಿಂದ ತಿನ್ನುತ್ತಿದ್ದುದು ಅದರಿಂದ.

ಸಾಗವಾನಿಗೆ ಕಾರು ತೊಳೆಯುವ ಪ್ರೆಶರ್ ಪಂಪು ಹಿಡಿದಿದ್ದೆ. ಬಿಳಿಚು ಹೋಯಿತು, ಜೊತೆಗೆ ಮೆದು ನಾರೆಲ್ಲ ಎದ್ದು ಗೇಟು ಮುಟ್ಟಿದರೆ ಚುಚ್ಚುವಂತಾಯಿತು. ಬಿಸಿಲಿಗೆ ಬಿಳಿಚಿದ ತೇಗ ಹಾಳಾದ ತೇಗವಲ್ಲ. ಅದು ಕೊಳೆಯುವುದು ಬುಡ ಹಸಿ ಮಣ್ಣಿಗೆ ತಾಗಿದಾಗ. ಮಣ್ಣು ಸರಿಸಿ, ನಯವಾಗಿ ತಿಕ್ಕಿ, ಅಗಸೆ ಎಣ್ಣೆ ಕುಡಿಸಿದ ಮೇಲೆ ಸುಧಾರಿಸಿದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಕಾವೇರಿ ಹೊತ್ತಿಕೊಳ್ಳುವುದುಂಟು, ಬಿಡಿಸಿ ಬಯಲಲ್ಲಿ ಒಣಗಹಾಕಬೇಕು. ಇದನ್ನು ನನ್ನ ಹೆಂಡತಿಗೆ ಹೇಳಿದ್ದೇ ತಪ್ಪಾಯಿತು. ಅಂದಿನಿಂದ ಎಣ್ಣೆ ಡಬ್ಬಿ ಅವಳ ಕಪಾಟಿನಲ್ಲಿದೆ.