ಮನೆಯ ಕತ್ತಿಯ ವಯಸ್ಸು

ಹಳೆಯ ಮನೆತನದಲ್ಲಿ ಕತ್ತಿಯೊಂದಿದ್ದರೆ ಅದು ಟಿಪ್ಪುವಿನ ಕಾಲದ್ದೆಂಬ ಮಾತೂ ಜೊತೆಗಿರುವುದು ವಾಡಿಕೆ. ನಮ್ಮ ಮನೆಯ ಕತ್ತಿಗೂ ಆ ಕೀರ್ತಿಯಿದ್ದಿತು. ಆ ಹೆಸರಿನಿಂದಲೇ ಅದನ್ನು ಮಾರುವ ಮಾತು ಹುಟ್ಟಿದಾಗ ನಾನು ಅದನ್ನು ಬೆಳಕಿಗೆ ಹಿಡಿದು ನೋಡಿದೆನು.

ಅಲಗಿನ ಮೇಲೆ ಒಂದು ಕಿರೀಟ. ಅದರ ಕೆಳಗೆ ‘ವಿ. ಆರ್.’ ಎಂಬ ಇಂಗ್ಲಿಷ್ ಅಕ್ಷರಗಳ ಹೆಣಿಗೆ. ಇದು ವಿಕ್ಟೋರಿಯಾ ರಾಣಿಯ ಮುದ್ರೆ. ಆಕೆ ಆಳಿದುದು 1837ರಿಂದ 1901ರವರೆಗೆ. ಟಿಪ್ಪು ಮಡಿದುದಾದರೋ 1799ರಲ್ಲಿ. ಅವನ ಅನೇಕ ಆಯುಧಗಳಲ್ಲಿ ಕಾಣುವ ಹುಲಿಪಟ್ಟೆಯ ಗುರುತೂ ಇದರಲ್ಲಿರಲಿಲ್ಲ. ಹಳೆಯ ಅಲಗಿಗೆ ಹೊಸ ಹಿಡಿ ಕೂಡಿಸುವುದುಂಟು. ಆದುದರಿಂದ ಎರಡನ್ನೂ ನೋಡತಕ್ಕದ್ದು. ಇಲ್ಲಿ ಹಿಡಿಯ ಹಿತ್ತಾಳೆಯ ಮೇಲೂ ಅದೇ ಮುದ್ರೆಯಿದ್ದಿತು.

“ಹಾಗಾದರೆ ಆಯುಧಪೂಜೆಯ ದಿನ ಇದಕ್ಕೆ ಹೂವೇರಿಸಬಾರದೇನಪ್ಪ?” ಎಂದು ಅತ್ತೆಯವರು ನೊಂದು ಕೇಳಿದರು.

“ಏರಿಸಿರಿ, ಅತ್ತೆ. ಹಿರಿಯರು ಕಾಪಾಡಿದ ಕತ್ತಿ ಇದು. ಇಲ್ಲದ ಹೆಸರು ಹೇಳಿ ಮಾರುವುದು ಮಾತ್ರ ಬೇಡ” ಎಂದೆನು. ಕತ್ತಿ ಮನೆಯಲ್ಲಿಯೇ ಉಳಿಯಿತು.

ವಾಚಕರಲ್ಲಿ ಒಂದು ವಿಜ್ಞಾಪನೆ: ಇಂತಹ ಅಲಗನ್ನು ಹುಣಿಸೆಹಣ್ಣು, ಇಟ್ಟಿಗೆಪುಡಿಗಳಿಂದ ಉಜ್ಜಬೇಡಿರಿ. ತುಕ್ಕಿನೊಡನೆ ಅಕ್ಷರವೂ ಅಳಿಯುವುದು. ಅಕ್ಷರವಳಿದ ಕತ್ತಿಗೆ ತನ್ನ ವಯಸ್ಸನ್ನು ಹೇಳಲು ಬಾಯಿಲ್ಲ.