ಅವ್ವನ ದನಿ, ಡಿಕ್ಕ್ಯಾಗಿನ ಡಬ್ಬಿ

ನಮ್ಮ ಕಾರಿನ ಡಿಕ್ಕ್ಯಾಗ ಒಂದು ಕರೀ ಡಬ್ಬಿ ಬಂದು ಕುಂತೈತಿ. ಆಂಪ್ಲಿಫೈಯರ್ ಅಂತ. ಮಗ ದೀಪಾವಳಿ ಬೋನಸ್ಸಿನಾಗ ಹಾಕಿಸಿದ್ದು. "ಇದ್ದದ್ದಕ್ಕ ಏನು ಧಾಡಿ ಆಗಿತ್ತೋ" ಅಂತ ನಾನೂ ಅಂದೆ, ಅವರಪ್ಪನೂ ಅಂದ್ರು. ಕೇಳಬೇಕಲ್ಲ.

ಅದರ ಉಸಾಬರಿ ನನಗ ಬಿದ್ದದ್ದು ಅವ್ವನ ಹಾಡಿನ ಸಲುವಾಗಿ. 1994ರಾಗ ನನ್ನ ತಮ್ಮ ಹೊಸಾ ಟೇಪ್ ರೆಕಾರ್ಡರ್ ತಂದಿದ್ದ. ಅವ್ವ ಬೀಸೂಕಲ್ಲಿನ ಮುಂದ ಕುಂತು ಹಾಡೂದನ್ನ ಹಂಗ ಕ್ಯಾಸೆಟ್ಟಿಗೆ ಹಿಡದಿಟ್ಟ. ಅವ್ವ ಹೋಗಿ ಒಂಬತ್ತು ವರ್ಷ ಆತು. ಹ್ವಾದ ವರ್ಷ ಹುಬ್ಬಳ್ಳ್ಯಾಗ ಕೊಟ್ಟು ಅದನ್ನ ಪೆನ್ ಡ್ರೈವಿಗೆ ಹಾಕಿಸಿದ್ವಿ. ತವರಿಗೆ ಹೊಂಟಾಗ, ನವಲಗುಂದದ ದಾರ್ಯಾಗ, ಕಾರಿನಾಗ ಹಚ್ಚಿದ್ರ ಏನು ಹೇಳ್ಲಿ! ಬೀಸೂಕಲ್ಲಿನ ಗುಡುಗುಡು ಸೀಟು ನಡಗೂವಷ್ಟು, ಅವ್ವನ ದನಿ ಒಡಕು ಪರಾತ ಬಡದಂಗ. ಗಾಡಿ ಜೋರಾದಂಗೆಲ್ಲಾ ಸೊಂಯ್ ಅಂತ ಬ್ಯಾರೇ ರಾಗ. ಅಕ್ಕ ಅಳಾಕ ಹತ್ತಿದ್ಲು, "ಅವ್ವನ ದನಿ ಕೆಟ್ಟೇ ಹೋತಲ್ಲ" ಅಂತ. ಹಾಕಿದ ಅಂಗಡಿಯಂವಗ ಫೋನ್ ಹಚ್ಚಿದ್ರ, "ರೆಕಾರ್ಡಿಂಗ್ ಹಳೇದ್ರಿ, ಏನೂ ಮಾಡಾಕ ಬರೂದಿಲ್ಲ" ಅಂದ.

ನಾನೂ ನಂಬಿದ್ದೆ. ರಾತ್ರಿ ಅದನ್ನೇ ಮೊಬೈಲಿನ್ಯಾಗ ಹಚ್ಚಿದ್ರ ಚಲೋನ ಕೇಳಸ್ತು. ಅದೇ ಹಿಟ್ಟು, ಒಂದು ಹಂಚಿನ ಮ್ಯಾಲ ರೊಟ್ಟಿ ಉಬ್ಬತೈತಿ, ಇನ್ನೊಂದರ ಮ್ಯಾಲ ಹರೀತೈತಿ ಅಂದ್ರ ಹಿಟ್ಟಿಗೆ ಯಾಕ ಬೈಬೇಕು?

ಅಕ್ಕನ ಮಗಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡ್ಯಾಳ. ಐತವಾರ ಕರಿಸಿದೆ. ಮೊದಲು ಬ್ಯಾಟರಿ ಮೈನಸ್ ವಾಯರ್ ಬಿಚ್ಚಿದ್ಲು. ಆಮ್ಯಾಲ ಕೆಂಪು ವಾಯರ್ ಹಿಡಕೊಂಡು ನೋಡಿ ಹಣಿ ಹಣಿ ಬಡಕೊಂಡ್ಲು. ಬ್ಯಾಟರಿ ಹತ್ರ ಫ್ಯೂಸೇ ಇಲ್ಲ! "ಚಿಗವ್ವಾ, ಬ್ಯಾಟರಿಯಿಂದ ಎರಡು ಗೇಣಿನೊಳಗ ಫ್ಯೂಸ್ ಇರಬೇಕು. ಡಬ್ಬಿಯೊಳಗಿನ ಫ್ಯೂಸ್ ಡಬ್ಬಿ ಉಳಸ್ತೈತಿ, ವಾಯರ್ ಉಳಸೂದಿಲ್ಲ. ಇದು ಎಲ್ಲರ ತಗಡಿಗೆ ತಿಕ್ಕಿ ಸಿಪ್ಪಿ ಹರದ್ರ ಬೆಂಕಿ" ಅಂದ್ಲು. ನನ್ನ ಕೈಕಾಲು ತಣ್ಣಗಾದ್ವು. ಮೊಮ್ಮಗನ್ನ ತೊಡಿ ಮ್ಯಾಲ ಕೂಡಿಸ್ಕೊಂಡು ಅದೇ ಗಾಡ್ಯಾಗ ಹೋಗಿ ಬಂದಿದ್ದೆ.

ಸೊಂಯ್ ಅನ್ನೂದರ ಬ್ಯಾನಿ ಎರಡು ಕಡೆ ಇತ್ತು. ಅರ್ಥಿಂಗ್ ವಾಯರ್ ಬಣ್ಣದ ಮ್ಯಾಲೇ ಸ್ಕ್ರೂ ಹೊಡದಿದ್ರು. ಬಣ್ಣ ತಿಕ್ಕಿ ತಗಡು ಬೆಳ್ಳಗ ಕಾಣೂ ಹಂಗ ಮಾಡಿ ಬಿಗದ್ಲು. ಹಾಡಿನ ವಾಯರು ಕರೆಂಟಿನ ವಾಯರಿನ ಜೋಡಿನ ಓಡಿತ್ತು, ಅದನ್ನ ಇನ್ನೊಂದು ಬಾಜೂಕ ಹಾಕಿದ್ಲು.

ಇನ್ನ ಗೇನ್ ಅನ್ನೂ ತಿರುಪು. ಇದನ್ನ ನಾನೂ ಕಲತೇನಿ, ನೀವೂ ನಿಮ್ಮ ಹುಡುಗರಿಗೆ ಹೇಳ್ರಿ. ಅದು ವಾಲ್ಯೂಮ್ ಅಲ್ಲ. ಸ್ಟೀರಿಯೋದಿಂದ ಬರೂ ಜೋರಿಗೆ ಡಬ್ಬಿಯನ್ನ ಹೊಂದಸೂದು. ಅಂಗಡಿಯಂವ ಅದನ್ನ ಪೂರ್ತಿ ಏರಿಸಿ, ಮ್ಯಾಲ ಬಾಸ್ ಬೂಸ್ಟ್ ಬ್ಯಾರೆ ಏರಿಸಿದ್ದ. ಡಬ್ಬಿಗೆ ತಾಳಲಾರದಷ್ಟು ಆದಾಗ ದನಿಯ ತಲಿ ಕತ್ತರಿಸಿ ಬೀಳತೈತಂತ, ಸ್ಪೀಕರೂ ಕಾದು ಸುಡತಾವಂತ. ಬೂಸ್ಟ್ ಸೊನ್ನೆಗೆ ತಂದು, ಗೇನ್ ಪೂರ್ತಿ ಇಳಿಸಿ, ಸ್ಟೀರಿಯೋ ವಾಲ್ಯೂಮ್ ಮುಕ್ಕಾಲಕ್ಕ ಇಟ್ಲು. ಗೇನ್ ಸಣ್ಣಗ ಸಣ್ಣಗ ಏರಿಸೂ ಕೆಲಸ ನನಗ ಕೊಟ್ಲು, "ನಿನ್ನ ಕಿವಿಗೇ ಅಜ್ಜಿ ದನಿ ಗೊತ್ತು" ಅಂತ. ಹಾಲು ಕಾಯೋ ಮುಂದ ನಿಂತಂಗ ನಿಂತೆ. ಒಡಕು ಶುರು ಆದ ಕೂಡ್ಲೆ ಹಿಂದಕ್ಕ ತಿರುವಿದೆ. ಬಾಗಲದ ಸಣ್ಣ ಸ್ಪೀಕರಿಗೆ 80 ಹರ್ಟ್ಜ್‌ಗಿಂತ ಕೆಳಗಿನ ಗುಡುಗುಡು ಹೋಗದಂಗ ಫಿಲ್ಟರ್ ಇಟ್ಲು. ಫ್ಯೂಸ್ ಬಜಾರದಾಗ ನೂರಾರು ರೂಪಾಯಿಗೆ ಸಿಕ್ತು, ಅದನ್ನ ಹಾಕೂ ತನಕ ಗಾಡಿ ಗೇಟಿನ ಹೊರಗ ಬಿಡಲಿಲ್ಲ ನಾ.

ಆಮ್ಯಾಲ ಅಕ್ಕನ್ನ ಕುಂದ್ರಿಸಿಕೊಂಡು ಪೂರಾ ಹಾಡು ಹಚ್ಚಿದ್ವಿ. ಅವ್ವನ ಬಳಿ ಸಪ್ಪಳ, ಹಿಟ್ಟು ಉದುರೂದು, ಉಸಿರು ತಗೊಳ್ಳೂದು, ಎಲ್ಲಾ ಬಂತು. ಕಡೀಕ ಹಿಂದಿನಿಂದ ಯಾರೋ ಸಿಟ್ಟಿಲೆ "ಸಾಕ ಏಳಬೇ, ಬಸ್ ತಪ್ಪತೈತಿ" ಅಂದ್ರು. ಮೊಬೈಲಿನ್ಯಾಗ ಅದು ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ. ಅವ್ವ ನಕ್ಕು, "ಇನ್ನೊಂದ ಐತಿ ನಿಂದರ" ಅಂತಾಳ, ಟೇಪ್ ಬಂದ್ ಆಗತೈತಿ.

"ಇದು ನೀನಲ್ಲೇನ?" ಅಂದ್ಲು ಅಕ್ಕ.

ಹೌದು, ನಾನೇ. ಆ ಬಸ್ಸು ಸಿಕ್ತೋ ಇಲ್ಲೋ, ಅದು ಮಾತ್ರ ನೆನಪಿಲ್ಲ.