ಕೆಂಪಾಗದ ಸಾಲು

ರಾಜಾರಾಮ ಬಾಂದಾರದಲ್ಲಿ ಪಂಚಗಂಗೆ 39 ಅಡಿ ಮುಟ್ಟಿದರೆ ಎಚ್ಚರಿಕೆ, 43 ಮುಟ್ಟಿದರೆ ಅಪಾಯ. ಕೊಲ್ಹಾಪುರದಲ್ಲಿ ಶಾಲೆಗೆ ಹೋಗುವ ಮಕ್ಕಳಿಗೂ ಈ ಎರಡು ಅಂಕಿ ಬಾಯಿಪಾಠ. 2021ರ ಜುಲೈ 23, ಶುಕ್ರವಾರ ಸಂಜೆ ನದಿ ಎರಡನ್ನೂ ಹಿಂದೆ ಬಿಟ್ಟು 50ರ ಮೇಲೆ ಹರಿಯುತ್ತಿತ್ತು. ನಿಪ್ಪಾಣಿಯ ಯಮಗರ್ಣಿಯಲ್ಲಿ ವೇದಗಂಗೆ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಏರಿ ಕೂತಿತ್ತು. ನಾನಿದ್ದ ಗಡಹಿಂಗ್ಲಜದಲ್ಲಿ ಹಿರಣ್ಯಕೇಶಿ ಭಡಗಾಂವ ಸೇತುವೆಯನ್ನು ಮುಳುಗಿಸಿತ್ತು. ಹೊರಗೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು.

ಆ ಸಂಜೆಯೇ ನಮ್ಮ ಕೋಷ್ಟಕ ಮುರಿಯಿತು.

2019ರ ಆಗಸ್ಟ್‌ನಲ್ಲಿ ಪಂಚಗಂಗೆ 55 ಅಡಿ ದಾಟಿ, ಶಿರೋಲಿಯ ಬಳಿ ಹೆದ್ದಾರಿಯನ್ನು ನುಂಗಿ, ಕೊಲ್ಹಾಪುರವನ್ನು ದಿನಗಟ್ಟಲೆ ನಡುಗಡ್ಡೆ ಮಾಡಿತ್ತು. ಆ ಮಹಾಪೂರ ಇಳಿದ ಮೇಲೆ ನಾವು ಕೆಲವರು ಸೇರಿ ಒಂದು ಪುಟ್ಟ ಜಾಲತಾಣ ಕಟ್ಟಿದೆವು. ಸರ್ಕಾರಿ ಪ್ರಕಟಣೆಯಲ್ಲಿ ಬರುವ ನೀರಿನ ಮಟ್ಟವನ್ನು ಕನ್ನಡದಲ್ಲೂ ಮರಾಠಿಯಲ್ಲೂ ಸಾಲಾಗಿ ಜೋಡಿಸಿ ಇಡುವುದಷ್ಟೇ ಅದರ ಕೆಲಸ. ರಾಜಾರಾಮ, ಸುರ್ವೆ, ರುಯಿ, ಇಚಲಕರಂಜಿ, ತೇರವಾಡ, ಶಿರೋಳ, ನೃಸಿಂಹವಾಡಿ, ರಾಜಾಪುರ ಎಂದು ನದಿ ಇಳಿಯುವ ಕ್ರಮದಲ್ಲೇ ಎಂಟು ಸಾಲು. ಪ್ರತಿ ಸಾಲಿನಲ್ಲೂ ಈಗಿನ ಮಟ್ಟ, ಎಚ್ಚರಿಕೆ ಮಟ್ಟ, ಅಪಾಯ ಮಟ್ಟ. ಅಪಾಯ ದಾಟಿದ ಸಾಲು ಕೆಂಪು. ಶಿರೋಳದ ರೈತರಿಂದ ಹಿಡಿದು ಚಿಕ್ಕೋಡಿ, ಅಥಣಿಯ ಕೃಷ್ಣಾ ತೀರದವರವರೆಗೆ ಅದನ್ನು ನೋಡುವವರಿದ್ದರು.

ಆ ಶುಕ್ರವಾರ ಸಂಜೆ ಫೋನ್ ಬಂತು. ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಮಗ್ಗ ದುರಸ್ತಿಯ ಜಾಬರ್ ಕೆಲಸ ಮಾಡುವ ಹುಡುಗ. ದನಿ ನಡುಗುತ್ತಿತ್ತು.

“ಕಾಕಾ, ಇಚಲಕರಂಜಿ ಅಂತ ಬರದದ, ಅದರ ಕೆಳಗ ಮೂರು ಅಂಕಿ ಒಂದರ ಕೆಳಗೊಂದು ನಿಂತಾವ. ಈಗಿನ ನೀರು ಯಾವ್ದು, ಅಪಾಯದ ಗುರುತು ಯಾವ್ದು? ಮೋಟರ್ ಬಿಚ್ಚಿ ಮಾಳಿಗಿಗೆ ಏರಸ್ಬೇಕೋ ಬ್ಯಾಡೋ, ಹೇಳ್ರಿ.”

ಎದೆ ಧಸಕ್ಕೆಂದಿತು. ಪ್ರತಿ ಬಾಂದಾರದ ಮಾಪನಪಟ್ಟಿಗೂ ಅದರದೇ ಸೊನ್ನೆ ಇದೆ. ರಾಜಾರಾಮದಲ್ಲಿ 43 ಅಪಾಯ, ಸಾಂಗಲಿಯ ಇರ್ವಿನ್ ಸೇತುವೆಯಲ್ಲಿ 45, ಇಚಲಕರಂಜಿಯಲ್ಲಿ ಅಪಾಯದ ಗೆರೆ ಅದಕ್ಕಿಂತ ಎಷ್ಟೋ ಮೇಲೆ. ತಲೆಬರಹ ಕಳಚಿದ ಅಂಕಿ ಅಲ್ಲಿ ಬರೀ ಅಂಕಿಯಲ್ಲ, ಸುಳ್ಳು. ಅವನಿಗೆ ಬಾಯಿಮಾತಿನಲ್ಲೇ ಹೇಳಿದೆ: “ಅಪಾಯ ದಾಟೇತಿ ತಮ್ಮಾ, ಬಿಚ್ಚೋ, ಈಗಲೇ ಬಿಚ್ಚೋ.” ಆದರೆ ಅದೇ ಪುಟ ಹಿಡಿದು ಕತ್ತಲಲ್ಲಿ ಕೂತ ಉಳಿದವರಿಗೆ ಯಾರು ಹೇಳಬೇಕು?

ಲ್ಯಾಪ್‌ಟಾಪ್ ತೆರೆದೆ. ನನ್ನ ಪರದೆಯಲ್ಲಿ ತಲೆಬರಹಗಳೆಲ್ಲ ಇದ್ದವು! ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಬ್ರೌಸರಿನ ಕಿಟಕಿಯನ್ನು ಮೊಬೈಲಿನ ಅಗಲಕ್ಕೆ ಕುಗ್ಗಿಸಿದೆ. ಕುಗ್ಗಿಸುತ್ತ ಬಂದು 768 ಪಿಕ್ಸೆಲ್ ಮುಟ್ಟಿದ್ದೇ ತಡ, ತಲೆಬರಹದ ಸಾಲು ಮಾಯ. ಪಕ್ಕಪಕ್ಕದಲ್ಲಿದ್ದ ಅಂಕಿಗಳು ದಡಬಡನೆ ಒಂದರ ಕೆಳಗೊಂದು ಬಿದ್ದವು. ವೈರಿ ಸಿಕ್ಕಿದ.

ನಮ್ಮ ತಾಣ ನಡೆಯುತ್ತಿದ್ದದ್ದು ವರ್ಡ್‌ಪ್ರೆಸ್ ಮೇಲೆ. 2020ರ ಆಗಸ್ಟ್‌ನಲ್ಲಿ ಬಂದ ಅದರ 5.5ನೇ ಆವೃತ್ತಿಯಿಂದ, ತಾಣದ ರೂಪ ನಿರ್ಧರಿಸುವ ಥೀಮ್‌ಗಳು ತಾವಾಗಿಯೇ ಅಪ್‌ಡೇಟ್ ಆಗುವ ಸೌಲಭ್ಯವಿದೆ. ಆ ದಿನ ನಮ್ಮ ಥೀಮ್ ಹಾಗೆಯೇ ಹೊಸದಾಗಿತ್ತು, ಕೋಷ್ಟಕಗಳಿಗೆ ತನ್ನದೇ ಹೊಸ ಅಲಂಕಾರ ಹೊತ್ತು ತಂದಿತ್ತು. ಸಣ್ಣ ಪರದೆಯಲ್ಲಿ ತಲೆಬರಹ ಅಡಗಿಸು, ಪ್ರತಿ ಅಂಕಣವನ್ನೂ ಪ್ರತ್ಯೇಕ ಸಾಲು ಮಾಡು ಎಂಬುದು ಅದರ ನಿಯಮ. ಪ್ರತಿ ಅಂಕಣದೊಳಗೂ ಹೆಸರಿನ ಚೀಟಿ ಇರುವ ಕೋಷ್ಟಕಕ್ಕೆ ಅದು ಚೆಂದ. ನಮ್ಮದರಲ್ಲಿ ಆ ಚೀಟಿ ಇರಲಿಲ್ಲ.

ಕರೆಂಟ್ ಹೋಯಿತು. ವೈಫೈ ಸತ್ತಿತು. ಫೋನಿನ ಹಾಟ್‌ಸ್ಪಾಟ್ ಹಚ್ಚಿದೆ. ಸಿಗ್ನಲ್ ಎರಡು ಕಡ್ಡಿ, ಒಂದು ಕಡ್ಡಿ, ಮತ್ತೆ ಎರಡು. ಬ್ಯಾಟರಿ ಅರ್ಧಕ್ಕಿಂತ ಕೆಳಗೆ.

ಪುಟದ ಶೈಲಿ ಹೇಳುವ ಸಿಎಸ್‌ಎಸ್ ನಿಯಮಗಳನ್ನು ಹೆಚ್ಚುವರಿಯಾಗಿ ಬರೆಯುವ ಜಾಗಕ್ಕೆ ಹೋಗಿ, ತಲೆಬರಹ ತೋರಿಸು ಎಂದು ನಮ್ಮ ಕೋಷ್ಟಕದ ಕ್ಲಾಸ್ ಹೆಸರಿನಲ್ಲಿ ನಿಯಮ ಬರೆದೆ. ಉಳಿಸಿದೆ. ಏನೂ ಆಗಲಿಲ್ಲ. ಎಫ್ 12 ಒತ್ತಿ ಬ್ರೌಸರಿನ ಇನ್‌ಸ್ಪೆಕ್ಟರ್ ತೆರೆದರೆ ನಾನು ಬರೆದ ಸಾಲಿನ ಮೇಲೆ ಅಡ್ಡಗೆರೆ ಎಳೆದಿತ್ತು. ಬ್ರೌಸರ್ ಅದನ್ನು ಓದಿದೆ, ತೂಗಿದೆ, ಸೋಲಿಸಿದೆ ಎಂದರ್ಥ.

ಈ ತೂಕವನ್ನು ತಿಳಿಯದೆ ಇಂಥ ಕಾಳಗ ಗೆಲ್ಲಲಾಗದು. ಹೋಕನ್ ವಿಯುಮ್ ಲೀ 1994ರಲ್ಲಿ ಮುಂದಿಟ್ಟ ಸಿಎಸ್‌ಎಸ್ಸಿನ ಜೀವಾಳವೇ ಇದು: ಒಂದೇ ವಸ್ತುವಿನ ಮೇಲೆ ಎರಡು ನಿಯಮ ಬಿದ್ದಾಗ ಯಾರ ಮಾತು ನಡೆಯಬೇಕು? ನಿಯಮ ಯಾವುದಕ್ಕೆ ಎಂದು ಗುರುತಿಸುವ ಹೆಸರುಗಳಲ್ಲಿ ಐಡಿ ಎಲ್ಲಕ್ಕಿಂತ ಭಾರ, ಆಮೇಲೆ ಕ್ಲಾಸ್, ಕೊನೆಗೆ ಬರೀ ಟ್ಯಾಗ್. ಹತ್ತು ಟ್ಯಾಗ್ ಸೇರಿದರೂ ಒಂದು ಕ್ಲಾಸನ್ನು ಮಣಿಸಲಾರವು, ಹತ್ತು ಕ್ಲಾಸ್ ಸೇರಿದರೂ ಒಂದು ಐಡಿಯನ್ನು ಅಲುಗಿಸಲಾರವು. ತೂಕ ಸಮವಾದರೆ ಕೊನೆಗೆ ಬಂದವನು ಗೆಲ್ಲುತ್ತಾನೆ. ಆದರೆ ‘ಇಂಪಾರ್ಟೆಂಟ್’ ಎಂಬ ಮುದ್ರೆ ಒತ್ತಿದ ನಿಯಮ ಈ ತಕ್ಕಡಿಯನ್ನೇ ದಾಟಿ ಹೋಗುತ್ತದೆ. ಥೀಮ್ ಆ ಮುದ್ರೆ ಒತ್ತಿತ್ತು. ಮುದ್ರೆಗೆ ಮುದ್ರೆಯೇ ಉತ್ತರ. ಎರಡೂ ಕಡೆ ಮುದ್ರೆ ಬಿದ್ದ ಮೇಲೆ ಮತ್ತೆ ತೂಕವೇ ತೀರ್ಪು.

ಕೋಷ್ಟಕಕ್ಕೆ ಒಂದು ಐಡಿ ಕೊಟ್ಟೆ. ತಲೆಬರಹ ತಲೆಬರಹವಾಗಿಯೇ ಇರಲಿ, ಸಾಲು ಸಾಲಾಗಿಯೇ, ಅಂಕಣ ಅಂಕಣವಾಗಿಯೇ ಎಂದು ಮೂರು ನಿಯಮ, ಮೂರಕ್ಕೂ ಮುದ್ರೆ. ಅಗಲ ಸಾಲದಿದ್ದರೆ ಬೆರಳಿನಿಂದ ಪಕ್ಕಕ್ಕೆ ಎಳೆದು ನೋಡಲಿ ಎಂದು ಇಡೀ ಕೋಷ್ಟಕಕ್ಕೆ ಒಂದು ಹೊರಪೆಟ್ಟಿಗೆ. ಉಳಿಸುವ ಗುಂಡಿ ಒತ್ತಿದೆ. ಸುತ್ತುತ್ತಿದೆ… ಸುತ್ತುತ್ತಿದೆ… ಸಿಗ್ನಲ್ ಪೂರ್ತಿ ಹೋಯಿತು.

ಫೋನ್ ಹಿಡಿದು ಮೆಟ್ಟಿಲು ಹತ್ತಿ ಗಚ್ಚಿಗೆ ಓಡಿದೆ. ಪ್ಲಾಸ್ಟಿಕ್ ಚೀಲದೊಳಗೆ ಲ್ಯಾಪ್‌ಟಾಪ್, ಅದರ ಮೇಲೆ ಕೊಡೆ. ಒಂದು ಕಡ್ಡಿ ಬಂತು. ಮತ್ತೆ ಒತ್ತಿದೆ. ಉಳಿಯಿತು!

ಕೊಲ್ಹಾಪುರದ ಶಾಹುಪುರಿಯಲ್ಲಿ ಮೇಲಿನ ಅಂತಸ್ತಿನಲ್ಲಿ ಸಿಕ್ಕಿಬಿದ್ದಿದ್ದ ಗೆಳೆಯನಿಗೆ ಸಂದೇಶ ಕಳಿಸಿದೆ. ಅವನ ಕೈಯಲ್ಲಿದ್ದದ್ದು ಹಳೆಯ ಮೊಬೈಲ್. ನಮ್ಮ ಪುಟ ನೋಡುವವರ ಕೈಯಲ್ಲಿ ಇರುವಂಥದ್ದೇ. ಉತ್ತರ ಬಂತು: “ಏನೂ ಬದಲಾಗಿಲ್ಲೋ. ಹಳೇದೇ ಕಾಣಸ್ತದ.”

ಕೈಕಾಲು ತಣ್ಣಗಾದವು. ನನ್ನಲ್ಲಿ ಸರಿ, ಅವನಲ್ಲಿ ತಪ್ಪು. ಎಂದರೆ ನಡುವೆ ಯಾರೋ ಹಳೆಯ ಪ್ರತಿಯನ್ನು ಬಚ್ಚಿಟ್ಟಿದ್ದಾರೆ: ಕ್ಯಾಶ್. ಪುಟ ಬೇಗ ತೆರೆಯಲೆಂದು ಸರ್ವರ್ ಒಂದು ಪ್ರತಿ ಇಟ್ಟುಕೊಂಡಿರುತ್ತದೆ, ಮೊಬೈಲ್ ಇನ್ನೊಂದನ್ನು. ಸರ್ವರಿನ ಕ್ಯಾಶ್ ಅಳಿಸಿದೆ. ಪೂರದಲ್ಲಿ ಸಿಕ್ಕವರ ಮೊಬೈಲುಗಳನ್ನು ನಾನು ಅಳಿಸಲಾದೀತೇ? ಅದಕ್ಕೆ ಒಂದೇ ದಾರಿ: ಶೈಲಿಯ ಕಡತದ ವಿಳಾಸದ ಬಾಲದಲ್ಲಿರುವ ಆವೃತ್ತಿಯ ಅಂಕಿ ಬದಲಿಸುವುದು. ವಿಳಾಸ ಹೊಸದೆಂದು ಕಂಡರೆ ಮೊಬೈಲ್ ಹೊಸ ಕಡತವನ್ನೇ ತರಿಸುತ್ತದೆ. ನಿಯಮಗಳನ್ನು ಆ ಕಡತಕ್ಕೇ ಸಾಗಿಸಿ, ಅಂಕಿ ಬದಲಿಸಿ ಕಾದೆ.

ಗೆಳೆಯ ಪರದೆಯ ಚಿತ್ರ ಕಳಿಸಿದ. ತಲೆಬರಹಗಳು ಬಂದಿದ್ದವು. ರಾಜಾರಾಮ ಕೆಂಪು. ಇಚಲಕರಂಜಿ ಬಿಳಿ!

ಇಚಲಕರಂಜಿಯಲ್ಲಿ ಅಪಾಯ ದಾಟಿದ್ದು ಆ ಸಾಲಿನ ಅಂಕಿಯಲ್ಲೇ ಇದೆ, ಬಣ್ಣ ಮಾತ್ರ ಏನೂ ಆಗಿಲ್ಲ ಎನ್ನುತ್ತಿದೆ. ಇದು ಮೊದಲಿನದಕ್ಕಿಂತ ಘೋರ. ತಲೆಬರಹ ಹೋದರೆ ಓದುಗ ಕನಿಷ್ಠ ಗೊಂದಲಕ್ಕೆ ಬಿದ್ದು ಯಾರನ್ನಾದರೂ ಕೇಳುತ್ತಾನೆ. ಬಿಳಿ ಸಾಲು ಕಂಡವನು ನೆಮ್ಮದಿಯಿಂದ ಮಲಗುತ್ತಾನೆ. ಸಾಲುಗಳನ್ನು ಎಣಿಸಿದೆ. ರಾಜಾರಾಮ ಒಂದು, ಸುರ್ವೆ ಎರಡು, ರುಯಿ ಮೂರು, ಇಚಲಕರಂಜಿ ನಾಲ್ಕು. ಸಮಸಂಖ್ಯೆ! ಓದಲು ಹಿತವಾಗಲೆಂದು ಥೀಮ್ ಸಮಸಾಲುಗಳಿಗೆಲ್ಲ ಬಿಳಿ ಬಳಿಯುತ್ತಿತ್ತು. ಎಷ್ಟನೆಯ ಸಾಲು ಎಂದು ಗುರುತಿಸುವ ಸೂಚಕಕ್ಕೂ ಒಂದು ಕ್ಲಾಸಿನಷ್ಟೇ ತೂಕ. ಥೀಮಿನದು ಎರಡು, ನಮ್ಮ ಅಪಾಯದ ಕೆಂಪಿನದು ಒಂದು. ಸುರ್ವೆ, ಇಚಲಕರಂಜಿ, ಶಿರೋಳ, ರಾಜಾಪುರ — ಈ ನಾಲ್ಕು ಊರು ಎಷ್ಟೇ ಮುಳುಗಲಿ, ನಮ್ಮ ಪುಟದಲ್ಲಿ ಕೆಂಪಾಗುತ್ತಲೇ ಇರಲಿಲ್ಲ. ಅದರಲ್ಲೂ ಕೃಷ್ಣೆ ಕರ್ನಾಟಕಕ್ಕೆ ಇಳಿಯುವ ಮುಂಚಿನ ಬಾಂದಾರ ರಾಜಾಪುರ. ಅದು ಬಿಳಿಯಾಗಿ ಉಳಿದರೆ ಚಿಕ್ಕೋಡಿ, ಅಥಣಿಯವರು ಏನೆಂದು ತಿಳಿಯಬೇಕು?

ಬ್ಯಾಟರಿಯ ಗುರುತು ಕೆಂಪಾಗಿತ್ತು. ಬೆರಳು ಒದ್ದೆ, ಕೀಲಿಗಳು ಜಾರುತ್ತಿದ್ದವು. ಕೆಂಪಿನ ನಿಯಮದ ಮುಂದೆ ಅದೇ ಐಡಿ ಸೇರಿಸಿದೆ. ಇನ್‌ಸ್ಪೆಕ್ಟರಿನಲ್ಲಿ ಅಡ್ಡಗೆರೆ ಈಗ ಥೀಮಿನ ಸಾಲಿನ ಮೇಲೆ ಬಿತ್ತು. ಉಳಿಸುವ ಮುಂಚೆ ಕಂಡದ್ದು ಮತ್ತೊಂದು: ರೋಮನ್ ಅಕ್ಷರಕ್ಕೆ ಹೊಲಿದ ಬಿಗಿ ಅಂಗಿಯಂಥ ಸಾಲಿನ ಎತ್ತರ. ‘ಏರುತ್ತಿದೆ’, ‘ಇಳಿಯುತ್ತಿದೆ’ ಎಂಬಲ್ಲಿ ಒತ್ತಕ್ಷರ ಅರ್ಧಕ್ಕೆ ಕತ್ತರಿಸಿತ್ತು. ಎತ್ತರವನ್ನು 1.7ಕ್ಕೆ ಏರಿಸಿ, ಆವೃತ್ತಿಯ ಅಂಕಿ ಬದಲಿಸಿ, ಉಳಿಸಿದೆ. ಪರದೆ ಕಪ್ಪಾಯಿತು.

ಉಳಿಯಿತೋ ಇಲ್ಲವೋ? ಮಳೆಯಲ್ಲೇ ನಿಂತು ಫೋನಿನಲ್ಲಿ ಪುಟ ತೆರೆದೆ. ನಾಲ್ಕನೆಯ ಸಾಲು ನಿಧಾನವಾಗಿ ಮೂಡಿತು. ಕೆಂಪು.

ಜಾಬರ್ ಹುಡುಗನ ಫೋನ್ ಮತ್ತೆ ಬಂದಾಗ ಹಿಂದೆ ಕಬ್ಬಿಣ ಎಳೆಯುವ ಸದ್ದು, ಕೂಗಾಟ. “ಈಗ ಚೊಲೋ ಕಾಣಸ್ತದ ಕಾಕಾ. ಪಕ್ಕದ ಶೆಡ್ಡಿನವರಿಗೂ ತೋರಿಸೀನಿ, ಅವರೂ ಬಿಚ್ಚಾಕ ಹತ್ಯಾರ.”

ನೀರಿಳಿದ ಮೇಲೆ ನಮ್ಮ ನಿಯಮಗಳನ್ನೆಲ್ಲ ಚೈಲ್ಡ್ ಥೀಮ್‌ಗೆ ಸಾಗಿಸಿದೆವು. ಮೂಲ ಥೀಮ್ ಎಷ್ಟೇ ಹೊಸದಾದರೂ ಚೈಲ್ಡ್ ಥೀಮಿನ ಕಡತಗಳು ಅಳಿಯುವುದಿಲ್ಲ. ಮಳೆಗಾಲದಲ್ಲಿ ತಾನಾಗಿಯೇ ನಡೆಯುವ ಅಪ್‌ಡೇಟ್ ನಿಲ್ಲಿಸಿಡುತ್ತೇವೆ. ಕೆಂಪು ಬಣ್ಣದ ಜೊತೆಗೆ ‘ಅಪಾಯ’ ಎಂಬ ಮಾತನ್ನೂ ಅಂಕಣದೊಳಗೇ ಬರೆಯುತ್ತೇವೆ, ಬಣ್ಣದ ನಿಯಮ ಸೋತರೂ ಆ ಮಾತು ಉಳಿಯುತ್ತದೆ. ಕೃಷ್ಣೆ, ಪಂಚಗಂಗೆ, ಹಿರಣ್ಯಕೇಶಿಯ ದಂಡೆಯಲ್ಲಿ ಇಂಥ ಪುಟ ನಡೆಸುವವರೇ, ಮೃಗಶಿರ ಮಳೆ ಹಿಡಿಯುವ ಮುಂಚೆ ನಿಮ್ಮ ಕೋಷ್ಟಕವನ್ನು ಮನೆಯಲ್ಲಿರುವ ಅತಿ ಹಳೆಯ ಮೊಬೈಲಿನಲ್ಲಿ ಒಮ್ಮೆ ತೆರೆಯಿರಿ. ಪ್ರತಿಯೊಂದು ಸಾಲನ್ನೂ ಸುಳ್ಳುಸುಳ್ಳೇ ಅಪಾಯಕ್ಕೆ ಏರಿಸಿ, ಎರಡನೆಯದೂ ನಾಲ್ಕನೆಯದೂ ಕೆಂಪಾಗುತ್ತದೆಯೇ ನೋಡಿ.